ಕಪ್ಪು ಬಳೆಯ ನಲ್ಲಿ

ಫೆಬ್ರವರಿ 3, ಸೋಮವಾರ

ಹೊಸ ಕೆಲಸ. ಬೇಕರಿ ಬಿಟ್ಟೆ, ಫೋಟೊ ಅಂಗಡಿ ಬಿಟ್ಟೆ, ಅವೆಲ್ಲಕ್ಕಿಂತ ಮೊದಲು ಶಾಲೆ ಬಿಟ್ಟೆ. ಶಾಲೆ ಯಾಕೆ ಬಿಟ್ಟಳು ಎಂದು ಕೇಳಿದವರಿಗೆ ಅಮ್ಮ ‘ಮನೆ ಕಷ್ಟ’ ಎಂದು ಹೇಳುತ್ತಾಳೆ. ಅದು ಸುಳ್ಳು. ಬೆಂಚಿನ ಮೇಲೆ ಕೂತರೆ ನನ್ನ ಕಾಲು ಕುಣಿಯುತ್ತಿತ್ತು, ಎದ್ದು ಬಂದೆ, ಅಷ್ಟೇ.

ಈಗ ಬಣ್ಣ ಬಳಿಯುವುದು. ಸೈನಿಕರು ಖಾಲಿ ಮಾಡಿ ಹೋದ ದಂಡು ಪ್ರದೇಶವನ್ನು ಜನರ ಕೈಗೆ ಕೊಡುತ್ತಾರಂತೆ. ಉದ್ದುದ್ದ ಬ್ಯಾರಕ್ಕುಗಳ ಒಳಗೆ ಅಡ್ಡಗೋಡೆ ಎಬ್ಬಿಸಿ ಮನೆ ಮಾಡಿದ್ದಾರೆ. ಕವಾಯತು ಮೈದಾನ ಉದ್ಯಾನವಾಗುತ್ತದೆ. ಮದ್ದುಗುಂಡು ಇಡುತ್ತಿದ್ದ ಕಟ್ಟಡಕ್ಕೆ ಗೋಡೆ ದಪ್ಪ, ಒಳಗೆ ತಂಪು ಎಂದು ಅದನ್ನು ಶಿಶುವಿಹಾರ ಮಾಡುತ್ತಿದ್ದಾರೆ. ಕಾವಲು ಗೋಪುರವನ್ನು ಏನು ಮಾಡಬೇಕೆಂದು ಯಾರಿಗೂ ತೋಚಿಲ್ಲ. ಸದ್ಯಕ್ಕೆ ಅದು ಪಾರಿವಾಳಗಳಿಗೆ ಹಂಚಿಕೆಯಾಗಿದೆ.

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಎಷ್ಟು ದಿನ ಇರ್ತೀಯಮ್ಮ?”

“ಬೇಜಾರಾಗೋವರೆಗೂ.”

“ನಿಮ್ಮ ದೊಡ್ಡಮ್ಮ ನಿನ್ನ ಬುಗುರಿ ಅಂತ ಕರೀತಾರಂತೆ. ಸುಮ್ಮನೆ ಕರೆಯಲ್ಲ ಬಿಡು.”

ಗೋಡೆಗಳು ರೋಲರಿನವರಿಗೆ. ಕಿಟಕಿ ಸರಳು ಮತ್ತು ಪೈಪು ನನಗೆ. ಎಲ್ಲಕ್ಕೂ ಒಂದೇ ಬಣ್ಣ, ಕೆನೆ ಬಣ್ಣ. ಸೈನ್ಯದ ಹಸಿರು ಎಲ್ಲೂ ಕಾಣಬಾರದು ಎಂದು ಆಜ್ಞೆಯಾಗಿದೆ.

ಇನ್ನೊಂದು ವಾರ ನೋಡುತ್ತೇನೆ. ಆಮೇಲೆ ಈ ಊರೇ ಬೇಡ.

ಫೆಬ್ರವರಿ 7, ಶುಕ್ರವಾರ

ಬೇಜಾರು. ಪೈಪು, ಪೈಪು, ಪೈಪು. ಪ್ರತಿ ಕೋಣೆಯಲ್ಲೂ ಜೋಡಿ ಪೈಪು, ಅಕ್ಕ ತಂಗಿಯರ ಹಾಗೆ ಗೋಡೆಗುಂಟ ಒಟ್ಟಿಗೆ ಹೋಗುತ್ತವೆ. ಎರಡೂ ಹಸಿರು. ನಲ್ಲಿಯ ಹತ್ತಿರ ಸುತ್ತಲೂ ಬಣ್ಣದ ಪಟ್ಟಿ ಬಳಿದಿದ್ದಾರೆ, ಒಂದಕ್ಕೆ ನೀಲಿ ಬಳೆ, ಇನ್ನೊಂದಕ್ಕೆ ಕಪ್ಪು ಬಳೆ. ಸೈನಿಕರಿಗೂ ಸಿಂಗಾರದ ಹುಚ್ಚು ಎಂದು ನಗು ಬಂತು. ಬಳಿದು ಮುಚ್ಚಿದೆ.

ಮೊದಲು ಉಜ್ಜಬೇಕು, ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ನಾನು ಉಜ್ಜುವುದಿಲ್ಲ. ಉಜ್ಜಿದರೆ ಆ ಧೂಳು ಮೂಗಿಗೆ ಹೋಗುತ್ತದೆ, ದಿನಕ್ಕೆ ಎರಡು ಕೋಣೆಯೂ ಮುಗಿಯುವುದಿಲ್ಲ.

ಮೇಸ್ತ್ರಿ ಉಗುರಿನಿಂದ ಕೆರೆದು ನೋಡಿದ. “ಉಜ್ಜಿದ್ಯಾ?”

“ಇಲ್ಲ.”

“ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಲ್ಲ! ಉಜ್ಜಿದ್ದೀನಿ ಅಂತಾದ್ರೂ ಹೇಳು ಮಾರಾಯ್ತಿ, ನನಗೂ ಸಮಾಧಾನ.”

“ಉಜ್ಜಿಲ್ಲ, ಮತ್ತೆ.”

ಹಣೆ ಚಚ್ಚಿಕೊಂಡು ಹೋದ. ಮತ್ತೆ ಉಜ್ಜು ಎಂದು ಮಾತ್ರ ಹೇಳಲಿಲ್ಲ. ಅವನಿಗೂ ಅವಸರವೇ.

ಫೆಬ್ರವರಿ 14, ಶುಕ್ರವಾರ

ಮನೆಯಲ್ಲಿ ಸಕ್ಕರೆ ಡಬ್ಬಿ ಜಗಳ. ಅಪ್ಪ ಹೋದ ಮೇಲೆ ನಾವು ದೊಡ್ಡಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ಹಿಂದಿನ ಕೋಣೆ ಎಂದರೆ, ಅವರ ಹಳೆಯ ಮಂಚ, ಒಡೆದ ಫ್ಯಾನು, ನಾವು. ಡಬ್ಬಿಯಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ದೊಡ್ಡಮ್ಮ ಗೋಡೆಗೆ ಹೇಳಿದರು. ಅವರು ಏನೇ ಹೇಳಿದರೂ ಗೋಡೆಗೇ ಹೇಳುವುದು. ನಾನು ಎದುರಿಗೆ ಹೋಗಿ, “ನಾನೇ ತಿಂದೆ ದೊಡ್ಡಮ್ಮ, ಎರಡು ಚಮಚ” ಎಂದೆ. ಅಮ್ಮ ತೊಡೆ ಚಿವುಟಿದಳು.

“ನಿಜ ಹೇಳಿದ್ರೆ ಚಿವುಟ್ತೀಯಲ್ಲ!”

“ನಿಜಕ್ಕೂ ಒಂದು ಹೊತ್ತು ಗೊತ್ತು ಇರತ್ತೆ ಕಣೇ. ಇನ್ನೊಬ್ಬರ ಮನೇಲಿದ್ದೀವಿ.”

ದಂಡಿನಲ್ಲಿ ಮೂರನೇ ಬ್ಯಾರಕ್ಕಿನ ತುದಿಯ ಮನೆ ನಮಗೆ ಸಿಗುತ್ತದೆ. ದಂಡಿನ ಒಳಗೆ ದುಡಿದವರಿಗೆ ಮೊದಲ ಹಂಚಿಕೆ. ಅಮ್ಮ ಅಲ್ಲಿನ ಒಗೆಯುವ ಕಟ್ಟೆಯಲ್ಲಿ ಹರೆಯವನ್ನೆಲ್ಲ ಸೈನಿಕರ ಸಮವಸ್ತ್ರಕ್ಕೆ ಸುರಿದಿದ್ದಾಳೆ. ಮಾರ್ಚ್ 20ಕ್ಕೆ ಉದ್ಘಾಟನೆ, ಅವತ್ತೇ ಬೀಗದ ಕೈ. ಅಮ್ಮ ಈಗಲೇ ಒಂದು ಸಕ್ಕರೆ ಡಬ್ಬಿ ಕೊಂಡು ಮಂಚದ ಕೆಳಗೆ ಇಟ್ಟಿದ್ದಾಳೆ. ಖಾಲಿ ಡಬ್ಬಿ. ಆಗಾಗ ತೆಗೆದು ಒರೆಸುತ್ತಾಳೆ.

ಅವಳು ಅಲ್ಲಿ ನೆಲೆಸಲಿ. ನಾನು ಹೊರಡುತ್ತೇನೆ.

ಫೆಬ್ರವರಿ 22, ಶನಿವಾರ

ಇವತ್ತು ನಮ್ಮ ಮನೆಯ ಸರದಿ ಬಂತು. ತುದಿಯ ಕೋಣೆ. ಮೊದಲು ಅದು ಸೈನಿಕರ ಬಚ್ಚಲಾಗಿತ್ತಂತೆ. ಎರಡು ಕಿಟಕಿ, ಒಂದರಿಂದ ಮೈದಾನ ಕಾಣುತ್ತದೆ. ಇಲ್ಲಿ ಮಾತ್ರ ಪೈಪುಗಳು ಗೋಡೆಗುಂಟ ಬರದೆ, ಪಕ್ಕದ ಮನೆಯಲ್ಲೇ ನೆಲದೊಳಗೆ ಹೊಕ್ಕು, ಇಲ್ಲಿ ಎಲ್ಲೋ ಎದ್ದು ಬರುತ್ತವೆ.

ಸುಮ್ಮನಿರಲಾಗಲಿಲ್ಲ. ಸ್ಯಾಂಡ್‌ಪೇಪರ್ ತಂದು ಕೂತೆ. ಹಸಿರು ಹೋಗಿ, ಅದರ ಕೆಳಗಿನ ಕೆಂಪು ಹೋಗಿ, ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜಿದೆ. ಪ್ರೈಮರ್ ಎರಡು ಸಲ. ಬಣ್ಣ ಎರಡು ಸಲ. ಬಣ್ಣ ಇಳಿದ ಗುರುತು ಒಂದೂ ಇಲ್ಲ.

ಮೇಸ್ತ್ರಿ ಬಾಗಿಲಲ್ಲಿ ನಿಂತು ಹುಬ್ಬೇರಿಸಿದ. “ಇದೇನು ತಾಯಿ, ಇಷ್ಟು ದಿನ ಈ ಕೈ ಎಲ್ಲಿತ್ತು?”

“ಇದು ನಮ್ಮಮ್ಮನ ಮನೆ.”

ಬೆರಳು ಸುಲಿದಿವೆ. ಬರೆಯಲು ಆಗುತ್ತಿಲ್ಲ.

ಮಾರ್ಚ್ 4, ಮಂಗಳವಾರ

ನಲ್ಲಿ ಜೋಡಿಸುವ ಅಣ್ಣ ಬಂದಿದ್ದಾನೆ. ಅವನ ಬಾಯಲ್ಲಿ ಯಾವಾಗಲೂ ನಲ್ಲಿಗೆ ಸುತ್ತುವ ದಾರದ ಉಂಡೆ. ಅಡುಗೆ ಕಟ್ಟೆಗೆ ಯಾವ ಪೈಪು ಹತ್ತಿರವೋ ಅದಕ್ಕೆ ಹೊಸ ನಲ್ಲಿ ಹಾಕಿಕೊಂಡು ಹೋಗುತ್ತಿದ್ದಾನೆ. ಎರಡೂ ಕೆನೆ ಬಣ್ಣ, ಎರಡೂ ಪೈಪು, ಅವನ ತಪ್ಪಿಲ್ಲ. ಪಂಪು ಇನ್ನೂ ಶುರುವಾಗಿಲ್ಲ, ಆದ್ದರಿಂದ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬರುತ್ತದೆ.

ಮೇಸ್ತ್ರಿಗೆ ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆಯಂತೆ. ತಿಂಗಳ ಕೊನೆಗೆ ಲಾರಿ ಹೊರಡುತ್ತದೆ. ಬರ್ತೀಯಾ ಎಂದು ಕೇಳಿದ. ಕೇಳಿ ಮುಗಿಸುವ ಮೊದಲೇ ಹೂಂ ಎಂದೆ.

ಮಾರ್ಚ್ 6, ಗುರುವಾರ

ಇವತ್ತು ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮ್ಮನನ್ನು ಮನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಗೋಡೆ ಮುಟ್ಟಿದಳು, ಕಿಟಕಿ ತೆರೆದು ಮುಚ್ಚಿದಳು. ಪೈಪಿನ ಮೇಲೆ ಕೈಯಾಡಿಸಿ, “ಎಷ್ಟು ನುಣುಪಾಗಿದೆಯೇ” ಎಂದಳು. ನನಗೆ ಹೆಮ್ಮೆ. ಆಮೇಲೆ ಬಗ್ಗಿ ನಲ್ಲಿಯ ಹತ್ತಿರ ನೋಡಿದಳು.

“ಬಳೆ ಎಲ್ಲಿ?”

“ಯಾವ ಬಳೆ?”

“ನೀಲಿ ಬಳೆ ಕುಡಿಯೋ ನೀರಿಗೆ. ಕಪ್ಪು ಬಳೆ ಲಾರಿ ತೊಳೆದ ಗುಂಡಿಯಿಂದ ಬರೋ ನೀರಿಗೆ. ಡೀಸೆಲ್ಲು, ಗ್ರೀಸು ಎಲ್ಲ ಇಳಿದ ನೀರು. ಅದೇನಿದ್ರೂ ಬೂಟು ತೊಳೆಯಕ್ಕೆ, ಪಾಯಿಖಾನೆಗೆ. ಒಂದ್ಸಲ ಹೊಸದಾಗಿ ಬಂದ ಹುಡುಗಿ ಗೊತ್ತಾಗದೆ ಕಪ್ಪು ಬಳೆ ನಲ್ಲೀಲಿ ಸಾಹೇಬರ ಅಂಗಿ ನೆನೆಸಿಬಿಟ್ಟಿದ್ಲು. ಹತ್ತು ಸಲ ಒಗೆದ್ರೂ ವಾಸನೆ ಹೋಗ್ಲಿಲ್ಲ.” ಹಳೆಯದು ನೆನಪಾಗಿ ನಗುತ್ತಿದ್ದಳು. ನನ್ನ ಮುಖ ನೋಡಿ ನಗು ನಿಂತಿತು.

“ಅಮ್ಮ, ಎಲ್ಲ ಮನೆಯ ಬಳೆಗಳ ಮೇಲೂ ನಾನು ಬಣ್ಣ ಬಳಿದಿದ್ದೀನಿ. ನಲ್ಲಿಯಣ್ಣ ಹತ್ತಿರದ್ದಕ್ಕೆ ಜೋಡಿಸಿಕೊಂಡು ಹೋಗಿದ್ದಾನೆ.”

ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ಮೆಲ್ಲಗೆ ಹೇಳಿದಳು. “ಬೀಗದ ಕೈ ಕೊಡೋವರೆಗೂ ಬಾಯಿ ಮುಚ್ಕೊಂಡಿರು. ಒಳಗೆ ಹೋಗಿ ಕೂತ ಮೇಲೆ ಹೇಳೋಣ. ಆಗ ಯಾರೂ ಹೊರಗೆ ಹಾಕಲ್ಲ. ಅವರು ಸರಿ ಮಾಡೋವರೆಗೂ ಕಾಯಿಸಿ ಕುಡಿಯೋಣ.”

“ಡೀಸೆಲ್ ಕಾಯಿಸಿದ್ರೆ ಹೋಗತ್ತಾ?”

“ನಿನಗೆ ಕೈ ಮುಗೀತೀನಿ ಕಣೇ.”

ನಿಜವಾಗಿಯೂ ಕೈ ಮುಗಿದಳು. ಅಮ್ಮ ನನಗೆ ಕೈ ಮುಗಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಹೇಳಲಿಲ್ಲ. ಕಿಟಕಿ ಸರಳು ಬಳಿದೆ.

ಮಾರ್ಚ್ 8, ಶನಿವಾರ

ಹೇಳಿದೆ.

ಶಿಶುವಿಹಾರದ ಗೋಡೆಯ ಮೇಲೆ ಆನೆ, ಮೊಲ ಬರೆಯುತ್ತಿದ್ದರು. ಅಡುಗೆ ಕಟ್ಟೆಯ ನಲ್ಲಿಯನ್ನು ಮಕ್ಕಳ ಕೈಗೆ ಎಟಕುವ ಹಾಗೆ ಕೆಳಗಿಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಇನ್ನು ಆಗಲಿಲ್ಲ.

ಮೇಸ್ತ್ರಿ: “ನನ್ನದು ಬಣ್ಣ. ನೀರು ನನ್ನದಲ್ಲ.” ನಲ್ಲಿಯಣ್ಣ: “ನನಗೆ ಪೈಪು ತೋರಿಸಿದ್ರು, ಜೋಡಿಸಿದೆ. ಹೊಟ್ಟೆಯೊಳಗೆ ಏನಿದೆ ಅಂತ ಪೈಪು ಹೇಳತ್ತಾ?” ಎಂಜಿನಿಯರ್ ಸಾಹೇಬರ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತೆ. ಕೂರು ಎಂದರು. ನನಗೆ ಕೂರಲು ಬರುವುದಿಲ್ಲ ಎಂದೆ.

ಕೊನೆಗೆ ಕರೆದರು. ಕಣ್ಣಿನ ಕೆಳಗೆ ಕಪ್ಪು, ಮುಂದೆ ತಣ್ಣಗಾದ ಚಹಾ. ಕೆಟ್ಟವರಲ್ಲ, ಸುಸ್ತಾದವರು.

“ನೋಡಮ್ಮ, ಪೈಪಿನ ನಕ್ಷೆ ಸೈನ್ಯದವರು ಕೊಟ್ಟಿಲ್ಲ. ಕೇಳಿದ್ರೆ ಅದು ಗುಟ್ಟು ಅಂತಾರೆ.”

“ಬಚ್ಚಲ ನೀರಿನಲ್ಲಿ ಏನು ಸರ್ ಗುಟ್ಟು?”

“ಅದನ್ನ ನಾನೂ ಕೇಳಿದೆ.”

“ಹಾಗಾದ್ರೆ ಪಂಪು ಹಾಕಿ ನೋಡೋಣ.”

“ಪಂಪಿಗೆ ಕರೆಂಟು ಕೊಡಬೇಕಾದ್ರೆ ಹಸ್ತಾಂತರ ಆಗಬೇಕು. ಹಸ್ತಾಂತರ ಆಗಬೇಕಾದ್ರೆ ಕೆಲಸ ಮುಗೀಬೇಕು.”

“ಕೆಲಸ ಮುಗಿದಿದೆ ಅಂತ ಯಾರು ಹೇಳಬೇಕು?”

“ನಾನು.”

“ಮುಗಿದಿದೆಯಾ ಸರ್?”

ಅವರು ಚಹಾ ಎತ್ತಿ ಮೂಸಿ ಮತ್ತೆ ಕೆಳಗಿಟ್ಟರು. “ನಾಳಿದ್ದು ಬಾ” ಎಂದರು.

ಮಾರ್ಚ್ 10, ಸೋಮವಾರ

ನಾಳಿದ್ದು ಇವತ್ತೇ. ಹೋದೆ. ಸಾಹೇಬರು ಸಭೆಗೆ ಹೋಗಿದ್ದಾರೆ. ನೀರಿನ ಕಚೇರಿಗೆ ಹೋದೆ. ಅದು ಇನ್ನೂ ನಮ್ಮ ಕೈಗೆ ಬಂದಿಲ್ಲ ಎಂದರು. ಸೈನ್ಯದ ಕಚೇರಿಗೆ ಹೋದೆ. ಅದು ಈಗ ನಮ್ಮ ಕೈಯಲ್ಲಿಲ್ಲ ಎಂದರು. ಹಾಗಾದರೆ ಆ ನೀರು ಸದ್ಯ ಯಾರ ಕೈಯಲ್ಲೂ ಇಲ್ಲ, ಬೊಗಸೆ ಹಿಡಿಯುವವರ ಕೈಗೆ ಮಾತ್ರ ಬರುತ್ತದೆ. ಹೀಗೆಂದದ್ದಕ್ಕೆ ಬಾಗಿಲಿನವನು ನನ್ನನ್ನು ಹೊರಗೆ ಕಳಿಸಿದ.

ಬರುವ ದಾರಿಯಲ್ಲಿ ಬಸ್ಸಿಗೆ ಕಾಯದೆ ನಡೆದೆ. ಸಿಟ್ಟಿಗೆ ಕಾಲೇ ಬಂಡಿ.

ಮಾರ್ಚ್ 11, ಮಂಗಳವಾರ

ಶಿಶುವಿಹಾರದ ಪೈಪನ್ನು ಕೆರೆದೆ. ಹಳೆಯ ಗರಗಸದ ಅಲಗು ಸಾಕಾಯಿತು. ಉಜ್ಜದೆ ಬಳಿದದ್ದಲ್ಲವೇ, ಕೆನೆ ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ಕೆಳಗೆ ಹಸಿರು. ನಲ್ಲಿಯ ಪಕ್ಕದಲ್ಲಿ ಕಪ್ಪು ಬಳೆ, ನೆನ್ನೆ ಬಳಿದ ಹಾಗೆ.

ಮೇಸ್ತ್ರಿ ಓಡಿ ಬಂದ. “ಮುಗಿದ ಕೆಲಸ ಹಾಳು ಮಾಡ್ತೀಯಾ! ನಡಿ ಆಚೆ. ನಾಳೆಯಿಂದ ಬರಬೇಡ. ಲಾರಿ ಕನಸೂ ಬೇಡ.”

“ಹೋಗ್ತೀನಿ. ಅದಕ್ಕೆ ಮೊದಲು ಸಾಹೇಬರನ್ನ ಕರೀರಿ.”

ಅವನು ಕರೆಯಲಿಲ್ಲ. ನಲ್ಲಿಯಣ್ಣ ಹೋಗಿ ಕರೆದುಕೊಂಡು ಬಂದ. ಸಾಹೇಬರು ಮೊಣಕಾಲೂರಿ ಕೂತು ನೋಡಿದರು. ಆ ಕಪ್ಪು ಬಳೆಯನ್ನು ಬೆರಳಿನಿಂದ ಮುಟ್ಟಿದರು. ಗೋಡೆಯ ಮೇಲಿನ ಆನೆಯನ್ನು ನೋಡಿದರು.

“ಎಲ್ಲ ಕೆರೀರಿ” ಎಂದರು. “ಇಪ್ಪತ್ತಕ್ಕೆ ಉದ್ಘಾಟನೆ ಇಲ್ಲ.”

ಗೆದ್ದೆ ಅನ್ನಿಸಬೇಕಿತ್ತು. ಹಾಗೇನೂ ಅನ್ನಿಸಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು ಎಂದಷ್ಟೇ ಅನ್ನಿಸಿತು.

ಮಾರ್ಚ್ 12, ಬುಧವಾರ

ಅಮ್ಮನಿಗೆ ಆಗಲೇ ಗೊತ್ತಾಗಿದೆ. ಮಾತಿಲ್ಲ. ತಟ್ಟೆ ಇಟ್ಟಳು, ಎತ್ತಿದಳು.

ದೊಡ್ಡಮ್ಮ ಗೋಡೆಗೆ ಹೇಳಿದರು. “ಕೆಲವರಿಗೆ ಕೂತ ಕೊಂಬೆ ಕಡಿಯೋದರಲ್ಲೇ ಖುಷಿ. ಬಿದ್ದಾಗ ಹಿಡಿಯೋಕೆ ನಾವಿದ್ದೀವಲ್ಲ.”

ಮಾರ್ಚ್ 15, ಶನಿವಾರ

ಕೆರೆಯುತ್ತಿದ್ದೇನೆ. ಬರಬೇಡ ಎಂದ ಮೇಸ್ತ್ರಿಯೇ ಮರುದಿನ ಹೇಳಿ ಕಳಿಸಿದ. ಯಾವ ಪೈಪನ್ನು ಉಜ್ಜಿದ್ದೇನೆ, ಯಾವುದನ್ನು ಇಲ್ಲ ಎಂದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನ ಮುಖ ಹುಣಿಸೆಕಾಯಿ ತಿಂದ ಹಾಗಿತ್ತು.

“ನೀನು ಸೋಮಾರಿತನ ಮಾಡಿದ್ದೇ ಒಳ್ಳೇದಾಯ್ತು ಅಂತ ಸಾಹೇಬರು ಹೇಳ್ತಾರೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಮಾತು ಕೇಳಿರಲಿಲ್ಲ.”

“ನಾನೂ ಕೇಳಿರಲಿಲ್ಲ.”

ಮನೆ ಸಿಗಬೇಕಾದವರು ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಒಬ್ಬಾಕೆ, ಕಂಕುಳಲ್ಲಿ ಮಗು, ನನ್ನನ್ನು ನೋಡಿ ಜೋರಾಗಿ, “ಇವಳೇ ನೋಡಿ, ನಮ್ಮ ಬಾಡಿಗೆ ಮನೆಯವನ ನೆಂಟಳು, ಅವನಿಗೆ ಇನ್ನೂ ಬಾಡಿಗೆ ಕಟ್ಟಿಸ್ತಿದ್ದಾಳೆ” ಎಂದಳು. ಎಲ್ಲರೂ ನಕ್ಕರು. ನಾನು ಅವಳ ಮನೆಯ ಪೈಪಿನ ಹತ್ತಿರ ಕರೆದುಕೊಂಡು ಹೋಗಿ ಅಲಗನ್ನು ಅವಳ ಕೈಗೆ ಕೊಟ್ಟೆ. ಒಂದೇ ಎಳೆತಕ್ಕೆ ಕಪ್ಪು ಬಂತು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ನಲ್ಲಿಗೆ ಬೆನ್ನು ಹಾಕಿ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯ ಪೈಪನ್ನೂ ಕೆರೆದಳು.

ಮಾರ್ಚ್ 18, ಮಂಗಳವಾರ

ಮೂರನೇ ಬ್ಯಾರಕ್ಕು. ಒಂದೊಂದೇ ಮನೆ ಮುಗಿಸುತ್ತ ಬಂದೆವು. ನೀಲಿ, ಕಪ್ಪು, ಕಪ್ಪು, ನೀಲಿ. ತಪ್ಪಾದ ಕಡೆ ನಲ್ಲಿಯಣ್ಣ ಅಲ್ಲೇ ಬದಲಿಸಿಕೊಂಡು ಬಂದ. ಹಿಂದಿನಿಂದ ನಾನು ಬಳೆಯನ್ನು ಬಿಟ್ಟು ಉಳಿದದ್ದಕ್ಕೆ ಕೆನೆ ಬಣ್ಣ ಬಳಿಯುತ್ತ ಬಂದೆ.

ಕೊನೆಗೆ ತುದಿಯ ಮನೆ.

ಕೆರೆದೆ. ಕೆನೆ. ಇನ್ನೂ ಕೆರೆದೆ. ಪ್ರೈಮರ್. ಇನ್ನೂ ಕೆರೆದೆ. ಕಬ್ಬಿಣ. ಹೊಳೆಯುವ, ನುಣುಪಾದ, ಬೋಳು ಕಬ್ಬಿಣ. ಎರಡೂ ಪೈಪು ಹಾಗೇ.

ಇಡೀ ದಂಡಿನಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಇದೊಂದೇ. ಏನೂ ಓದಲು ಬಾರದ್ದೂ ಇದೊಂದೇ.

ನೆಲ ಅಗೆದು ಹುಡುಕಬಹುದಲ್ಲ ಎಂದೆ. ಹೊಸ ಕಾಂಕ್ರೀಟು, ಒಡೆಯುವ ಹಾಗಿಲ್ಲ, ಪಂಪು ಶುರುವಾಗುವವರೆಗೆ ಕಾಯಬೇಕು ಎಂದರು ಸಾಹೇಬರು. ಉಳಿದವರಿಗೆಲ್ಲ ಇಪ್ಪತ್ತೆಂಟಕ್ಕೆ ಬೀಗದ ಕೈ. “ನಿಮ್ಮ ಮನೆಯೊಂದು ತಡವಾಗತ್ತೆ” ಎಂದು ನನ್ನ ಮುಖ ನೋಡದೆ ಹೇಳಿದರು.

ಮಾರ್ಚ್ 19, ಬುಧವಾರ

ಅಮ್ಮನಿಗೆ ಹೇಳಿದೆ. ಪೈಪು ಯಾಕೆ ಓದಲು ಬರುತ್ತಿಲ್ಲ ಎಂಬುದನ್ನೂ ಹೇಳಿದೆ. ಹೇಳದೆ ಇರಬಹುದಿತ್ತು. ಎಲ್ಲ ಪೈಪಿನ ಹಾಗೇ ಅದನ್ನೂ ಬಳಿದಿದ್ದೆ ಅನ್ನಬಹುದಿತ್ತು.

ಕೇಳಿಸಿಕೊಂಡಳು. ಎದ್ದು ಸಕ್ಕರೆ ಡಬ್ಬಿ ತೆಗೆದು ಒರೆಸಿ, ಮತ್ತೆ ಮಂಚದ ಕೆಳಗೆ ಇನ್ನೂ ಒಳಗೆ ತಳ್ಳಿದಳು.

ಮಾರ್ಚ್ 28, ಶುಕ್ರವಾರ

ಉದ್ಘಾಟನೆ ಆಯಿತು. ರಿಬ್ಬನ್ನು, ಭಾಷಣ, ಮೈಕು ಎರಡು ಸಲ ಕೂಗಿತು. ಬೀಗದ ಕೈ ಹಿಡಿದವರೆಲ್ಲ ಮದುವೆ ಮನೆಗೆ ನುಗ್ಗಿದ ಹಾಗೆ ಓಡಿದರು. ಅಮ್ಮ ಬರಲಿಲ್ಲ. ನಾನು ತುದಿಯ ಮನೆಯ ಮೆಟ್ಟಿಲ ಮೇಲೆ ಕೂತು ನೋಡಿದೆ. ಬಹಳ ಹೊತ್ತು ಕೂತಿದ್ದೆ.

ಮಗುವಿನ ತಾಯಿ ಒಂದು ಲೋಟ ನೀರು ತಂದು ಕೊಟ್ಟಳು. ಟ್ಯಾಂಕರಿನ ನೀರು, ಪಂಪು ಸೋಮವಾರ ಶುರುವಂತೆ. “ಏನೇ ಬಾಡಿಗೆಯವನ ನೆಂಟಳೇ, ನಿನ್ನದು ಯಾವಾಗ?” ಎಂದಳು. ಈಗ ಅದು ಬೈಗುಳವಲ್ಲ, ಹೆಸರು.

ಮಾರ್ಚ್ 30, ಭಾನುವಾರ

ನಾಳೆ ಲಾರಿ ಹೊರಡುತ್ತದೆ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ, “ಬೆಳಿಗ್ಗೆ ಗೇಟಿನ ಹತ್ತಿರ ಇರು” ಎಂದ. ನಾಳೆ ಪಂಪು ಹಾಕುತ್ತಾರೆ, ಆಗುವುದಿಲ್ಲ ಎಂದೆ. ಆಮೇಲೆ ಬಸ್ಸಿಗೆ ಬರ್ತೀಯಾ ಎಂದ. ಕಾವಲು ಗೋಪುರಕ್ಕೆ ಇನ್ನೂ ಬಣ್ಣ ಆಗಿಲ್ಲ, ಶಿಶುವಿಹಾರದ ಸರಳಿಗೆ ಎರಡನೇ ಸಲ ಬಳಿಯಬೇಕು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಯಾಕೋ ಗೊತ್ತಾಗಲಿಲ್ಲ.

ಯಾವ ನೀರು ಯಾವುದೆಂದು ನಲ್ಲಿಯಲ್ಲಿ ಬಂದ ಮೇಲೂ ಹೇಗೆ ತಿಳಿಯುವುದು? ಗುಂಡಿ ಇಷ್ಟು ದಿನ ಖಾಲಿ ಬಿದ್ದಿತ್ತು. ಪಂಪು ಓಡಿಸಲೆಂದು ಈಗ ಟ್ಯಾಂಕರಿನಿಂದ ತುಂಬಿದ ನೀರು ಮೇಲೆ ತಿಳಿಯಾಗಿಯೇ ಕಾಣುತ್ತದೆ, ವಾಸನೆಯೂ ಅಷ್ಟಾಗಿ ಇಲ್ಲ. ಊಟದ ಹೊತ್ತಿಗೆ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ.

“ನೀಲಿ ಹಾಕು” ಎಂದಳು ಅಮ್ಮ. ಅಷ್ಟು ದಿನಗಳ ಮೇಲೆ ಮೊದಲ ಮಾತು.

“ಯಾವ ನೀಲಿ?”

“ಬಿಳಿ ಬಟ್ಟೆಗೆ ಹಾಕೋ ನೀಲಿ. ಗುಂಡಿಗೆ ಸುರಿ. ಯಾವ ನಲ್ಲೀಲಿ ನೀಲಿ ಬರತ್ತೋ ಅದು ಕಪ್ಪು ಬಳೆ.” ಎದ್ದು ಪೆಟ್ಟಿಗೆಯಿಂದ ಪೊಟ್ಟಣಗಳನ್ನು ತೆಗೆದಳು. ಒಗೆಯುವ ಕಟ್ಟೆ ಮುಚ್ಚಿದ ದಿನ ತಂದಿಟ್ಟವು. “ಕದ್ದಿದ್ದಲ್ಲ, ಕೊಟ್ಟಿದ್ದು. ಹಾಗೆ ನೋಡಬೇಡ.”

ಮಾರ್ಚ್ 31, ಸೋಮವಾರ

ಸಾಹೇಬರೇ ಗುಂಡಿಗೆ ನೀಲಿ ಸುರಿದರು. ಪಂಪು ಕೆಮ್ಮಿತು, ನಡುಗಿತು, ಶುರುವಾಯಿತು. ನಾವೆಲ್ಲ ತುದಿಯ ಮನೆಯಲ್ಲಿ ನಿಂತಿದ್ದೆವು. ಸಾಹೇಬರು, ನಲ್ಲಿಯಣ್ಣ, ಮಗುವಿನ ತಾಯಿ, ಅಮ್ಮ, ಕೆಳಗೆ ಒಂದು ಬಕೆಟ್ಟು. ಅಮ್ಮನೊಂದಿಗೆ ದೊಡ್ಡಮ್ಮನೂ ಬಂದಿದ್ದರು. ಸುಮ್ಮನೆ ನೋಡಿ ಹೋಗಲು ಎಂದು ಗೋಡೆಗೆ ಹೇಳಿದರು.

ಅಡುಗೆ ನಲ್ಲಿಯನ್ನು ನಾನೇ ತಿರುಗಿಸಿದೆ. ಗಾಳಿ ಬಂತು. ತುಕ್ಕು ಬಂತು. ಆಮೇಲೆ ತಿಳಿ ನೀರು. ಅಮ್ಮ ಉಸಿರು ಬಿಟ್ಟಳು. ನಲ್ಲಿಯಣ್ಣ, “ನೋಡಿ, ನನ್ನ ಕೈಗುಣ!” ಎಂದು ದಾರದ ಉಂಡೆ ತೆಗೆದು ನಕ್ಕ. “ಇನ್ನೂ ಸ್ವಲ್ಪ ಬಿಡಿ” ಎಂದೆ. ಯಾಕೆ ಅಂದೆನೋ. ಎಲ್ಲರೂ ನನ್ನನ್ನು ನುಂಗುವ ಹಾಗೆ ನೋಡಿದರು.

ನೀರು ಸುರಿಯುತ್ತಲೇ ಇತ್ತು. ಬಕೆಟ್ಟು ಅರ್ಧ ತುಂಬುವ ಹೊತ್ತಿಗೆ ಮೊದಲು ಒಂದು ಎಳೆಯ ಹಾಗೆ, ಆಮೇಲೆ ಪೂರ್ತಿ, ನೀಲಿ ಇಳಿಯಿತು.

ದೊಡ್ಡಮ್ಮ ಅಮ್ಮನ ಕಡೆ ತಿರುಗಿ, ಗೋಡೆಗಲ್ಲ, ಅವಳಿಗೇ ಹೇಳಿದರು. “ಇದನ್ನ ಕುಡೀತಿದ್ರಲ್ಲೇ ನೀವು.”

ಅಮ್ಮ ಬಕೆಟ್ಟನ್ನೇ ನೋಡುತ್ತಿದ್ದಳು. “ಕಾಯಿಸಿ ಕುಡಿಯೋಣ ಅಂದಿದ್ದೆ” ಎಂದಳು, ಯಾರಿಗೆಂದು ಇಲ್ಲ. ಬಗ್ಗಿ ಬೆರಳು ಅದ್ದಿ ಮೂಸಿದಳು. ಆಮೇಲೆ ನನ್ನ ಕಡೆ ನೋಡಿ, “ಏನೇ ನಿಂತಿದ್ದೀಯ? ಅಷ್ಟೊಂದು ನೀಲಿ ದಂಡ ಆಗತ್ತೆ. ಆ ಕಿಟಕಿ ಒರೆಸಿದ ಬಿಳಿ ಬಟ್ಟೆ ಕೊಡು ಇಲ್ಲಿ” ಎಂದಳು.

“ಡೀಸೆಲ್ ವಾಸನೆ ಬರತ್ತಮ್ಮ.”

“ಒರೆಸೋ ಬಟ್ಟೆಗೆ ಯಾವ ವಾಸನೆ ಆದ್ರೇನು!” ಎಂದು ಸೆರಗು ಸಿಕ್ಕಿಸಿ, ತನ್ನ ಸ್ವಂತ ಮನೆಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಟ್ಟೆ ಅದ್ದಿ ಹಿಂಡಿದಳು. ಒಗೆಯುವ ಕಟ್ಟೆಯಲ್ಲಿ ಹಿಂಡುತ್ತಿದ್ದ ಹಾಗೆಯೇ, ಎರಡು ತಿರುವು, ಒಂದು ಕೊಡವು. ಮೈದಾನದ ಕಡೆಯ ಕಿಟಕಿ ಸರಳಿಗೆ ಹರವಿದಳು.

ನಲ್ಲಿಯಣ್ಣ ನಾಳೆ ಬಂದು ಇನ್ನೊಂದು ಪೈಪಿಗೆ ಬದಲಿಸುತ್ತಾನೆ. ಅದಾದ ಮೇಲೆ ಬೀಗದ ಕೈ.

ಎಲ್ಲರೂ ಹೋದ ಮೇಲೆ ಕಪ್ಪು ಬಣ್ಣ ತಂದು ನೀಲಿ ನೀರು ಬಂದ ಪೈಪಿಗೆ ಬಳೆ ಬರೆದೆ. ಮೊದಲು ಉಜ್ಜಿದೆ. ಒಂದು ಸಲ ಬಳಿದಿದ್ದೇನೆ, ಇನ್ನೂ ಹಸಿ. ನಾಳೆ ಒಣಗಿದ ಮೇಲೆ ಎರಡನೆಯದು.